ಮುದಿ ಬೆಕ್ಕಿಗೆ ಸಕ್ಕರೆ ಕಾಯಿಲೆಯ ಶಂಕೆ: ಮನೆಯಲ್ಲಿ ಮಾಡಿ ನೋಡಿದ ಪರೀಕ್ಷೆಗಳ ಹೋಲಿಕೆ

ಸೋಮವಾರಪೇಟೆಯ ಬಳಿಯ ನಮ್ಮ ತೋಟದ ಮನೆಯಲ್ಲಿ ಹದಿಮೂರು ವರ್ಷಗಳಿಂದ ಇರುವ ಕರಿಯ ಎಂಬ ಗಂಡು ಬೆಕ್ಕು, ಊಟದಲ್ಲಿ ಹೇಳುವಂಥ ವ್ಯತ್ಯಾಸವಿಲ್ಲದಿದ್ದರೂ ಕಳೆದ ಮಳೆಗಾಲದಲ್ಲಿ ಬೆನ್ನೆಲುಬು ಕೈಗೆ ತಾಕುವಷ್ಟು ಸೊರಗಿದನು. ನೀರಿನ ಬಟ್ಟಲೂ ಬೇಗ ಬರಿದಾಗುತ್ತಿತ್ತು. ಫೋನಿನಲ್ಲಿ ವಿಚಾರಿಸಿದಾಗ ಪಶುವೈದ್ಯರು ಸಕ್ಕರೆ ಕಾಯಿಲೆಯ ಸಾಧ್ಯತೆಯನ್ನು ಹೇಳಿ, ಮಳೆ ತಗ್ಗಿ ಕರೆತರುವವರೆಗೆ ಮನೆಯಲ್ಲಿ ಗಮನಿಸಲು ಸೂಚಿಸಿದರು. ತಿನ್ನುವುದನ್ನು ಬಿಟ್ಟರೆ ಅಥವಾ ವಾಂತಿ ಮಾಡಿಕೊಂಡರೆ ಮಾತ್ರ ಕಾಯದೆ ಅದೇ ದಿನ ತರಬೇಕೆಂದರು. ಆ ಮೂರು ವಾರಗಳಲ್ಲಿ ನಾನು ನಾಲ್ಕು ವಿಧಾನಗಳನ್ನು ಪ್ರಯತ್ನಿಸಿದೆ.

ಕುಡಿದ ನೀರನ್ನು ಅಳೆಯುವುದು ಸುಲಭವೆಂದುಕೊಂಡಿದ್ದೆ. ಒಂದು ಕಿಲೋ ದೇಹತೂಕಕ್ಕೆ ದಿನಕ್ಕೆ 50 ಮಿಲಿಲೀಟರ್ ಮೀರಿದರೆ ಎಚ್ಚರ ವಹಿಸಬೇಕು, 100 ದಾಟಿದರೆ ಅದು ನಿಸ್ಸಂದೇಹವಾಗಿ ಅತಿಯಾದ ಕುಡಿತ. ಆದರೆ ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ನಮ್ಮ ಅಂಗಳದ ತುಂಬ ನೀರೇ; ಸೂರಿನಿಂದ ಇಳಿಯುವ ನೀರನ್ನೂ ಕರಿಯ ನೆಕ್ಕುತ್ತಾನೆ. ಅವನನ್ನು ಮೂರು ದಿನ ಒಳಗೇ ಇರಿಸಿ ಅಳೆದಾಗ ದಿನಕ್ಕೆ 250 ಮಿಲಿಲೀಟರಿನ ಆಸುಪಾಸು ಬಂತು. ಅವನ ಆಗಿನ 4.2 ಕಿಲೋ ತೂಕಕ್ಕೆ ಇದು ಹೆಚ್ಚೇ. ಮೀನಿನ ಸಾರು ಕಲಸಿದ ಅನ್ನದ ನೀರು ಈ ಲೆಕ್ಕಕ್ಕೆ ಸಿಗದು.

ತೂಕವೇ ನನಗೆ ಎಲ್ಲಕ್ಕಿಂತ ನಂಬಿಕೆಗೆ ಅರ್ಹವೆನಿಸಿತು. ಅಡುಗೆಮನೆಯ ತಕ್ಕಡಿಯ ಮೇಲೆ ಬುಟ್ಟಿ ಇಟ್ಟು, ಪ್ರತಿ ಭಾನುವಾರ ಬೆಳಿಗ್ಗೆ ಊಟಕ್ಕೆ ಮೊದಲು ತೂಗಿದೆ. ವರ್ಷದ ಹಿಂದೆ ಲಸಿಕೆ ಹಾಕಿಸುವಾಗ ಬರೆದಿಟ್ಟಿದ್ದ 4.7 ಕಿಲೋ ಪಕ್ಕದಲ್ಲಿ ಇರದಿದ್ದರೆ ಈಗಿನ ಅಂಕಿಯ ಅರ್ಥವೇ ಆಗುತ್ತಿರಲಿಲ್ಲ.

ಮೂತ್ರದಲ್ಲಿ ಸಕ್ಕರೆ ಇದ್ದರೆ ಬಣ್ಣ ಬದಲಿಸುವ ಪರೀಕ್ಷಾ ಪಟ್ಟಿ ಹೆಚ್ಚು ಶ್ರಮ ಬೇಡುತ್ತದೆ. ಮಣ್ಣಿನ ಬದಲು ಚೆನ್ನಾಗಿ ತೊಳೆದು ಒಣಗಿಸಿದ ಸಣ್ಣ ಜಲ್ಲಿಯನ್ನು ಬೆಕ್ಕು ಮೂತ್ರ ಮಾಡುವ ಟ್ರೇಗೆ ಹಾಕಿದರೆ ಮೂತ್ರ ಹೀರಿಹೋಗದೆ ತಳದಲ್ಲಿ ಉಳಿಯುತ್ತದೆ. ಬೆಕ್ಕಿನ ರಕ್ತದಲ್ಲಿ ಸಕ್ಕರೆ ಡೆಸಿಲೀಟರಿಗೆ ಸುಮಾರು 270 ಮಿಲಿಗ್ರಾಂ ದಾಟಿದ ಬಳಿಕವೇ ಮೂತ್ರದಲ್ಲಿ ಕಾಣಿಸಿಕೊಳ್ಳುವುದರಿಂದ, ಪಟ್ಟಿಯಲ್ಲಿ ಬಣ್ಣ ಬಾರದಿದ್ದರೂ ಆರಂಭದ ಸಣ್ಣ ಏರಿಕೆ ಇಲ್ಲವೆನ್ನಲಾಗದು. ಆದರೆ ಬಾಯಾರಿಕೆ ಹೆಚ್ಚಿರುವ ಬೆಕ್ಕಿನಲ್ಲಿ ಪದೇ ಪದೇ ಬಣ್ಣ ಬಾರದಿರುವುದಕ್ಕೆ ದೊಡ್ಡ ಅರ್ಥವಿದೆ, ಏಕೆಂದರೆ ಸಕ್ಕರೆ ಕಾಯಿಲೆಯಲ್ಲಿ ಬಾಯಾರಿಕೆ ಬರುವುದೇ ಮೂತ್ರದೊಂದಿಗೆ ಸಕ್ಕರೆ ನೀರನ್ನೂ ಎಳೆದೊಯ್ಯುವುದರಿಂದ. ದೇಹ ಸಕ್ಕರೆಯ ಬದಲು ಕೊಬ್ಬನ್ನು ಕರಗಿಸುವಾಗ ಹುಟ್ಟುವ ಕೀಟೋನಿನ ಚೌಕವೂ ಇರುವ ಪಟ್ಟಿಯನ್ನೇ ಕೊಳ್ಳಬೇಕು. ಸಕ್ಕರೆಯೊಂದಿಗೆ ಕೀಟೋನೂ ಕಂಡರೆ ಅದು ತುರ್ತು. ನಮ್ಮ ಥಂಡಿ ಹವೆಯಲ್ಲಿ ಡಬ್ಬಿಯ ಮುಚ್ಚಳವನ್ನು ಒಂದು ರಾತ್ರಿ ಸಡಿಲ ಬಿಟ್ಟದ್ದಕ್ಕೆ ಪಟ್ಟಿಗಳೆಲ್ಲ ಬಳಸುವ ಮೊದಲೇ ಬಣ್ಣಗೆಟ್ಟು, ಹೊಸದನ್ನು ತರಬೇಕಾಯಿತು.

ಮನುಷ್ಯರ ಗ್ಲುಕೋಮೀಟರನ್ನು ಕಿವಿಯ ಅಂಚಿನ ಹನಿ ರಕ್ತದಿಂದ ಬಳಸಿದೆ. ಮೊದಲ ದಿನ, ಅಟ್ಟಿಸಿ ಹಿಡಿದ ಮೇಲೆ, 214 ತೋರಿಸಿತು. ನನ್ನ ಎದೆ ಝಲ್ಲೆಂದಿತು. ಮರುದಿನ ಒಲೆಯ ಬಳಿ ಮಲಗಿದ್ದಾಗ, ಕಿವಿಯನ್ನು ಬೆಚ್ಚಗೆ ಮಾಡಿ ಚುಚ್ಚಿದಾಗ 104 ಬಂತು. ಭಯಕ್ಕೆ ಬೆಕ್ಕಿನ ಸಕ್ಕರೆ ತೀವ್ರವಾಗಿ ಏರುತ್ತದೆ. ಇದಲ್ಲದೆ ಮನುಷ್ಯರ ಮೀಟರು ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಇನ್ಸುಲಿನ್ ಪಡೆಯುವ ಬೆಕ್ಕಿಗೆ ಮನೆಯ ರಕ್ತಪರೀಕ್ಷೆ ಅತ್ಯಗತ್ಯವೆಂಬುದನ್ನು ಒಪ್ಪುತ್ತೇನೆ, ಆದರೆ ಕೇವಲ ಶಂಕೆ ಇರುವಾಗ ಒಂದೆರಡು ಅಂಕಿಗಳಿಗಾಗಿ ಮುದಿ ಜೀವವನ್ನು ಚುಚ್ಚುವುದು ನನಗೆ ಸರಿಯೆನಿಸಲಿಲ್ಲ.

ಮಳೆ ಬಿಡುವು ಕೊಟ್ಟ ದಿನ, ಈ ಎಲ್ಲ ಅಂಕಿಗಳ ಪುಸ್ತಕದೊಂದಿಗೆ ಅವನನ್ನು ವೈದ್ಯರಲ್ಲಿಗೆ ಕರೆದೊಯ್ದೆ. ಮೂತ್ರದಲ್ಲಿ ಐದು ಸಲವೂ ಸಕ್ಕರೆ ಇರಲಿಲ್ಲವೆಂಬುದನ್ನು ಕಂಡ ಅವರು, ಹಿಂದಿನ ಒಂದೆರಡು ವಾರಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಫ್ರಕ್ಟೋಸಮೈನ್ ಜೊತೆಗೆ ಮೂತ್ರಪಿಂಡದ ಪರೀಕ್ಷೆಯನ್ನೂ ಮಾಡಿಸಿದರು. ಫ್ರಕ್ಟೋಸಮೈನ್ ಸಹಜವಾಗಿತ್ತು, ಮೂತ್ರಪಿಂಡ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತದಲ್ಲಿ ಏರಿತ್ತು, ಮೂತ್ರ ತೀರ ತೆಳುವಾಗಿತ್ತು. ಕರಿಯನಿಗೆ ಇರುವುದು ಮೂತ್ರಪಿಂಡದ ತೊಂದರೆ. ಈಗ ಗ್ಲುಕೋಮೀಟರು ಕಪಾಟಿನಲ್ಲಿದೆ. ತಕ್ಕಡಿ ಭಾನುವಾರ ತಪ್ಪದೆ ಹೊರಬರುತ್ತದೆ, ಮೊನ್ನೆಯ ತೂಕ 4.3 ಕಿಲೋ.