ಒದ್ದೆ ಗೋಡೆಗೆ ಪ್ಯಾನೆಲ್ ಹೊಡೆಸುವ ಮುಂಚೆ ಇದನ್ನು ಓದಿ

ಟಿವಿ ಹಿಂದಿನ ಗೋಡೆಗೆ ಗೆರೆಗೆರೆಯ ಪಿವಿಸಿ ಪ್ಯಾನೆಲ್ ಹೊಡೆಸುವುದು ಈಗ ತುಮಕೂರಲ್ಲೂ ಜೋರಾಗಿದೆ. ಇಷ್ಟ ಇದ್ದವರು ಹೊಡೆಸಲಿ. ಗೋಡೆ ಒದ್ದೆ ಇದ್ದರೆ ಮಾತ್ರ ಖಂಡಿತ ಬೇಡ.

ಎಸ್.ಎಸ್. ಪುರಂನಲ್ಲಿರುವ ನಮ್ಮ ಮನೆ ಹಳೆಯದು. ಹಾಲ್‌ನಲ್ಲಿ ಒಂದು ಗೋಡೆಗೆ ಮಾತ್ರ ಕಡುಗೆಂಪು ಟೆಕ್ಸ್ಚರ್ ಪೇಂಟ್. ಮೇಲೆ ಪಿಒಪಿ ಸೀಲಿಂಗ್, ಅದರೊಳಗೆ ನೀಲಿ ಲೈಟು. ಆಗ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಈಗ ಬಾರ್ ಥರ ಕಾಣುತ್ತೆ ಅಂತ ತಂಗಿ ನಗುತ್ತಾಳೆ. ಅವಳ ನಿಶ್ಚಿತಾರ್ಥಕ್ಕೆ ಮುಂಚೆ ಬದಲಾಯಿಸೋಣ ಅಂತ ಇಂಟೀರಿಯರ್‌ನವರೊಬ್ಬರನ್ನು ಕರೆಸಿದೆವು.

ಆ ಗೋಡೆಯ ಹಿಂದೆ ಬಚ್ಚಲುಮನೆ. ಕೆಳಗಡೆ ಚೌಳು ಹಿಡಿದು ಪೇಂಟ್ ಉದುರುತ್ತಿತ್ತು. ಅಮ್ಮ ಕೈಯಿಟ್ಟು ತೋರಿಸಿಯೂ ತೋರಿಸಿದರು. "ಅದೆಲ್ಲ ಪ್ಯಾನೆಲ್ ಒಳಗೆ ಮುಚ್ಚಿಹೋಗುತ್ತೆ ಬಿಡಿ ಅಮ್ಮಾ" ಅಂದರು ಇಂಟೀರಿಯರ್‌ನವರು. ಗೋಡೆಗೆ ಮರದ ರೀಪರ್, ಅಂದರೆ ಉದ್ದನೆಯ ಪಟ್ಟಿಗಳನ್ನು ಹೊಡೆದು, ಅದರ ಮೇಲೆ ಪ್ಯಾನೆಲ್ ಕೂರಿಸಿದರು. ಫೋಟೋದಲ್ಲಿ ಚೆನ್ನಾಗೇ ಬಂತು.

ಮಳೆಗಾಲ ಕಳೆಯುವ ಹೊತ್ತಿಗೆ ಹಾಲ್ ತುಂಬ ಮುಗ್ಗಲು ವಾಸನೆ. ಬಿಚ್ಚಿಸಿದರೆ ಹಿಂದೆಲ್ಲ ಕಪ್ಪು ಬೂಷ್ಟು, ರೀಪರ್ ತುಂಬ ಗೆದ್ದಲು. ಪಕ್ಕದ ಬಾಗಿಲ ಚೌಕಟ್ಟಿಗೂ ಹತ್ತಿತ್ತು. ಫೋನ್ ಮಾಡಿದರೆ "ಪಿವಿಸಿಗೆ ಗೆದ್ದಲು ಹಿಡಿಯಲ್ಲ, ಗ್ಯಾರಂಟಿ ಪ್ಯಾನೆಲ್‌ಗೆ ಮಾತ್ರ" ಅಂದರು. ಸುಳ್ಳಲ್ಲ, ಪ್ಯಾನೆಲ್‌ಗೆ ಏನೂ ಆಗಿರಲಿಲ್ಲ! ಬಿಲ್‌ನಲ್ಲಿ ರೀಪರ್ ಹೆಸರೇ ಇಲ್ಲ. "ಗೋಡೆ ಕೆಲಸ" ಅಂತ ಒಂದೇ ಸಾಲು, ಒಂದೇ ಮೊತ್ತ.

ಸೋರುತ್ತಿದ್ದದ್ದು ಬಚ್ಚಲಿನ ಒಳಪೈಪು. ಅದನ್ನು ಸರಿ ಮಾಡಿಸಿ, ಹಾಳಾದ ಗಾರೆಯನ್ನು ಇಟ್ಟಿಗೆ ಕಾಣುವ ತನಕ ಕೆತ್ತಿಸಿ, ಚೆನ್ನಾಗಿ ಒಣಗಲು ಬಿಟ್ಟು, ಮತ್ತೆ ಗಾರೆ ಮಾಡಿಸಿದೆವು. ಆಮೇಲೆ ಪುಟ್ಟಿ, ಪ್ರೈಮರ್, ತಿಳಿ ಬಣ್ಣ. ನೀಲಿ ಲೈಟ್ ತೆಗೆದು ವಾರ್ಮ್ ವೈಟ್ ಹಾಕಿದ್ದಕ್ಕೇ ಸೀಲಿಂಗ್ ಅರ್ಧ ಹೊಸದಾಯಿತು. (ರೆಡ್ ಆಕ್ಸೈಡ್ ನೆಲದ ಮೇಲೂ ಟೈಲ್ಸ್ ಅಂಟಿಸುತ್ತೇನೆ ಅಂದಿದ್ದರು ಆ ಪುಣ್ಯಾತ್ಮ. ಅಮ್ಮ ಒಪ್ಪಲಿಲ್ಲ, ಬಚಾವಾದೆವು. ಅಂಥ ನುಣ್ಣನೆಯ ನೆಲಕ್ಕೆ ಕಚ್ಚು ಹಾಕದೆ ಅಂಟಿಸಿದರೆ ಟೈಲ್ಸ್ ಎದ್ದು ಬರುವುದೇ ಜಾಸ್ತಿ.)

ನಿಮ್ಮ ಗೋಡೆ ಬಗ್ಗೆ ಅನುಮಾನ ಇದ್ದರೆ ಒಂದು ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ. ಒಂದು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆ ಕಡೆ, ನೀರಿನ ಹನಿ ಇದ್ದರೆ ತೇವ ಗೋಡೆಯೊಳಗಿಂದಲೇ ಬರುತ್ತಿದೆ. ಸೋರುವುದು ಎಲ್ಲಿಂದ ಅಂತ ಹುಡುಕದೆ ಯಾರಿಗೂ ಅಡ್ವಾನ್ಸ್ ಕೊಡಬೇಡಿ. ರೀಪರ್ ಯಾವುದರದ್ದು ಅಂತ ಬಿಲ್‌ನಲ್ಲೇ ಬರೆಸಿ.

ಈಗಾಗಲೇ ಹೊಡೆಸಿದ್ದರೆ ಪ್ಯಾನೆಲ್‌ನ ತಳದಲ್ಲಿರುವ ಅಂಚುಪಟ್ಟಿಯನ್ನು ಒಂದು ಮೂಲೆಯಲ್ಲಿ ಬಿಚ್ಚಿ ಟಾರ್ಚ್ ಬಿಟ್ಟು ನೋಡಿ. ಗೋಡೆ ಮೇಲೆ ಮಣ್ಣಿನ ಸಣ್ಣ ಗೆರೆ ಹತ್ತಿದ್ದರೆ ಅದು ಗೆದ್ದಲಿನ ದಾರಿ. ಸುಮ್ನೆ ಒರೆಸಿ ಮುಚ್ಚಬೇಡಿ, ಅವತ್ತೇ ಗೆದ್ದಲಿನ ಔಷಧಿ ಹೊಡೆಯುವವರನ್ನು ಕರೆಸಿ.