ಪ್ಲಾಸ್ಟಿಕ್ ಬಾಡಿ ರೈಫಲ್ ಕಮ್ಮಿ ಬಜೆಟ್‌ಗೆ ಆಗ್ತದಾ? ಎರಡು ಮಳೆಗಾಲ ಕಳೆದ ಮೇಲೆ ಬರೀತಿರೋ ರಿವ್ಯೂ

ಇಲ್ಲಿ ಎರಡು ರೈಫಲ್‌ನ ವಿಷಯ ಉಂಟು. ಒಂದು ನಂದು, 4.5 ಎಂಎಂ ಏರ್ ರೈಫಲ್, ಬ್ರಹ್ಮಾವರ ಹತ್ರ ನಮ್ಮ ಮನೆಯಲ್ಲಿ ಇರೋದು. ಇನ್ನೊಂದು ಭಾವಂದು, ಅಕ್ಕನ ಗಂಡ, ಅವರು ಟೆಕ್ಸಾಸ್‌ನಲ್ಲಿ, ಅಲ್ಲಿನ ಸಿಟಿಜನ್ ಆಗಿ ವರ್ಷ ಸುಮಾರಾಯ್ತು, ಪಾರ್ಟ್ ಪಾರ್ಟ್ ತಗೊಂಡು ಎಆರ್-15 ಅನ್ನುವ ನಿಜವಾದ ಗುಂಡಿನ ರೈಫಲ್ ಒಂದು ಜೋಡಿಸಿದ್ದಾರೆ, ಅದರ ಕೆಳಗಿನ ರಿಸೀವರ್ ಅಂದ್ರೆ ಟ್ರಿಗರ್ ಕೂರುವ ಬಾಡಿ ಪಾಲಿಮರ್, ಅಂದ್ರೆ ನಮ್ಮ ಭಾಷೆಯಲ್ಲಿ ಪ್ಲಾಸ್ಟಿಕ್. ಅದನ್ನು ನಾನು ಕೈಯಲ್ಲಿ ಹಿಡಿದದ್ದಿಲ್ಲ, ನೋಡಿದ್ದೆಲ್ಲ ವಿಡಿಯೋ ಕಾಲ್‌ನಲ್ಲಿ, ಅದೂ ಅಕ್ಕ ಹಿಂದಿನಿಂದ "ಪಾತ್ರೆ ತೊಳೆಯೋದು ಬಿಟ್ಟು ಎಂತ ತೋರಿಸ್ತಿದ್ದೀರಿ" ಅಂತ ಬೊಬ್ಬೆ ಹಾಕ್ತಾ ಇದ್ದಾಗ. ಇಬ್ಬರೂ ದುಡ್ಡು ಉಳಿಸ್ಲಿಕ್ಕೆ ಅಂತ ಪ್ಲಾಸ್ಟಿಕ್‌ಗೆ ಹೋದವರು, ಇಬ್ಬರದ್ದೂ ಒಡೆದದ್ದು ಹೆಚ್ಚುಕಮ್ಮಿ ಒಂದೇ ಕಾರಣಕ್ಕೆ, ಹಾಗಾಗಿ ಒಟ್ಟಿಗೇ ಬರೀತೇನೆ.

ಮೊದ್ಲು ನಂದು. ಮಂಗಳೂರಿನ ಒಂದು ಅಂಗಡಿಯಲ್ಲಿ ತಗೊಂಡದ್ದು, ಹೆಸರು ಬೇಡ. ನಮ್ಮಲ್ಲಿ ಬೋರ್, ಅಂದ್ರೆ ನಳಿಗೆಯ ಒಳಗಿನ ತೂತು, 0.177 ಇಂಚು ಅಂದ್ರೆ 4.5 ಎಂಎಂ ಮೀರದೆ, ನಳಿಗೆ ಬಾಯಲ್ಲಿ ಶಕ್ತಿ 20 ಜೂಲ್ ಮೀರದೆ ಇದ್ರೆ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ, 2016ರ ಆರ್ಮ್ಸ್ ರೂಲ್ಸ್‌ನಲ್ಲಿ ಹಾಗೇ ಉಂಟು. ಆಧಾರ್ ಝೆರಾಕ್ಸ್ ಕೊಟ್ಟೆ, ಬಿಲ್ ಹಾಕಿದ್ರು, ಮುಗೀತು. ಅಜ್ಜನ ಕಾಲದ ಒಂಟಿ ನಳಿಗೆ ಕೋವಿ ಮನೆಯಲ್ಲಿ ಉಂಟು, ಅದರ ಕಥೆ ಬೇರೆ, ಎಲೆಕ್ಷನ್ ಬಂದಾಗ ಎಲ್ಲ ಸ್ಟೇಷನ್‌ಗೆ ಹೊತ್ಕೊಂಡು ಹೋಗಿ ಡೆಪಾಸಿಟ್ ಮಾಡ್ಬೇಕು, ಮತ್ತೆ ತರ್ಲಿಕ್ಕೆ ಹೋದ್ರೆ ಇವತ್ತು ಬನ್ನಿ ನಾಳೆ ಬನ್ನಿ. ಅಪ್ಪನಿಗೆ ಅದೇ ಒಂದು ಮಂಡೆಬಿಸಿ.

ಅಂಗಡಿಯಲ್ಲಿ ಒಂದೇ ಮಾಡೆಲ್ ಎರಡು ತರ ಇತ್ತು. ಸ್ಟಾಕ್ ಅಂದ್ರೆ ಹೆಗಲಿಗೆ ಒತ್ತಿ ಕೈಯಲ್ಲಿ ಹಿಡಿಯುವ ಬಾಡಿ, ಮರದ ಸ್ಟಾಕ್‌ದು 13,000, ಕಪ್ಪು ಸಿಂಥೆಟಿಕ್ ಸ್ಟಾಕ್‌ದು 11,500. ನಂಗೆ ಮರದ್ದೇ ಚಂದ ಕಂಡದ್ದು ಸತ್ಯ. ಆದ್ರೆ ನಮ್ಮ ಊರಿನ ಮಳೆ ಗೊತ್ತುಂಟಲ್ಲ, ಜೂನ್‌ನಿಂದ ಸೆಪ್ಟೆಂಬರ್ ತನಕ ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುವ ಊರು ಇದು, ಅಜ್ಜನ ಕೋವಿಯ ಮರ ಪ್ರತಿ ಮಳೆಗಾಲ ಉಬ್ಬಿ ಬೇಸಿಗೆಯಲ್ಲಿ ಒಣಗಿ ಒಣಗಿ ಕೊನೆಗೆ ಹಿಡಿಯ ಹತ್ರ ಕೂದಲಿನ ಹಾಗೆ ಒಂದು ಬಿರುಕು ಬಂದು ಅಪ್ಪ ಅದಕ್ಕೆ ತಾಮ್ರದ ತಂತಿ ಸುತ್ತಿದ್ದಾರೆ. ಅದು ತಲೆಯಲ್ಲಿತ್ತು. ಅಂಗಡಿಯವರು ಬೇರೆ "ಇಂಪೋರ್ಟೆಡ್ ಪಾಲಿಮರ್ ಸರ್, ಲೈಫ್ ಲಾಂಗ್ ಎಂತದೂ ಆಗುದಿಲ್ಲ" ಅಂದ್ರು. ಆಗ್ಲಿ ಅಂತ ಕಪ್ಪುದನ್ನೇ ಎತ್ತಿಕೊಂಡು ಬಂದೆ.

ಮೊದಲ ನಾಲ್ಕು ತಿಂಗಳು ಗಮ್ಮತ್ತು ಮಾರಾಯ್ರೆ. ಹಿತ್ತಿಲಲ್ಲಿ ಲ್ಯಾಟರೈಟ್ ಕಲ್ಲಿನ ಗೋಡೆ ಉಂಟು, ಅದರ ಮುಂದೆ ಮರಳು ತುಂಬಿದ ಗೋಣಿ, ಅದರ ಮುಂದೆ ಪೇಪರ್ ಟಾರ್ಗೆಟ್, ಅಳೆದು ಹತ್ತು ಮೀಟರ್. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಹೊಡೆದದ್ದು ಇದೇ ಹತ್ತು ಮೀಟರ್ ಏರ್ ರೈಫಲ್‌ನಲ್ಲಿ, ಆ ಟಾರ್ಗೆಟ್‌ನ ನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್ ಅಂತ ಗೊತ್ತಾದ ಮೇಲೆ ನಾನು ಅದರ ಆಸೆ ಬಿಟ್ಟು ಐದು ಗುಂಡು ಒಂದು ರೂಪಾಯಿ ನಾಣ್ಯದೊಳಗೆ ಬಿದ್ರೆ ಸಾಕು ಅಂತ ತೀರ್ಮಾನ ಮಾಡಿದೆ. ಬೀಳ್ತಿತ್ತು ಕೂಡ.

ಮತ್ತೆ ನಿಧಾನಕ್ಕೆ ಗುರಿ ಹಾಳಾಗ್ಲಿಕ್ಕೆ ಶುರು. ನಾಣ್ಯದಷ್ಟಿದ್ದ ಗುಂಪು ಗೋಳಿಬಜೆಯಷ್ಟಾಯ್ತು, ಮತ್ತೆ ಎರಡು ವಾರದಲ್ಲಿ ನೀರ್‌ದೋಸೆಯಷ್ಟು. ಪೆಲೆಟ್ ಅಂದ್ರೆ ಏರ್ ರೈಫಲ್‌ನ ಸಣ್ಣ ಗುಂಡು ಬದಲಿಸಿದೆ, ಸ್ಕೋಪ್ ಅಂದ್ರೆ ಗುರಿ ನೋಡುವ ದುರ್ಬೀನು ಬಿಚ್ಚಿ ಕಟ್ಟಿದೆ, ನನ್ನ ಕೈಯೇ ನಡುಗ್ತದಾ ಅಂತ ಚಾ ಕುಡಿಯೋದೂ ಕಮ್ಮಿ ಮಾಡಿದೆ. ಕೊನೆಗೊಂದು ಭಾನುವಾರ ಟವೆಲ್ ಹಾಸಿ ಇಡೀ ರೈಫಲ್ ಮಲಗಿಸಿ ನೋಡ್ತೇನೆ, ಮುಂದಿನ ಕೈ ಹಿಡಿಯುವ ಜಾಗದಲ್ಲಿ ಎರಡೂ ಬದಿ ಒಂದೊಂದು ಸ್ಕ್ರೂ ಇರ್ತದಲ್ಲ, ಬಲಬದಿಯದ್ದು ಬೆರಳಲ್ಲೇ ತಿರುಗ್ತಾ ಉಂಟು. ಬಿಗಿ ಮಾಡಿದ್ರೆ ಬಿಗಿಯಾಗ್ತದೆ, ಹತ್ತು ಗುಂಡು ಹೊಡೆದ್ರೆ ಮತ್ತೆ ಸಡಿಲ. ಬಿಚ್ಚಿ ತೂತನ್ನು ಟಾರ್ಚ್ ಹಾಕಿ ನೋಡಿದೆ. ಗುಂಡಗೆ ಇರ್ಬೇಕಾದ ತೂತು ಹುಣಸೆ ಬೀಜದ ಹಾಗೆ ಉದ್ದ ಆಗಿದೆ, ಸ್ಕ್ರೂ ತಲೆ ಕೂರುವ ಕಡೆ ಪ್ಲಾಸ್ಟಿಕ್ ಒಳಗೆ ತಗ್ಗಿ ಅಂಚಿನಲ್ಲಿ ಬಿಳಿ ಗೆರೆ, ಸ್ಕೇಲ್ ಬಗ್ಗಿಸಿದಾಗ ಬಿಳಿ ಬರ್ತದಲ್ಲ ಹಾಗೆ, ಮತ್ತೆ ಆ ಗೆರೆಯಿಂದ ಕೆಳಗೆ ಅರ್ಧ ಇಂಚು ಬಿರುಕು.

ಕಾರಣ ತಿಳ್ಕೊಳ್ಳಿಕ್ಕೆ ಇಂಜಿನಿಯರ್ ಆಗ್ಬೇಕಂತಿಲ್ಲ. ನಳಿಗೆ ಮುರಿದು ಲೋಡ್ ಮಾಡುವ ಸ್ಪ್ರಿಂಗ್ ರೈಫಲ್ ಒಳಗೆ ದೊಡ್ಡ ಸ್ಪ್ರಿಂಗ್ ಒಂದು ಪಿಸ್ಟನ್‌ನ್ನು ಮುಂದಕ್ಕೆ ದಬ್ಬುತ್ತದೆ, ಪಿಸ್ಟನ್ ಮುಂದೆ ಹೋಗುವಾಗ ರೈಫಲ್ ಹಿಂದೆ ಬರ್ತದೆ, ಪಿಸ್ಟನ್ ತುದಿಗೆ ಬಂದು ನಿಂತಾಗ ರೈಫಲ್ ಮುಂದಕ್ಕೆ ಎಳೀತದೆ, ಅಂದ್ರೆ ಹಿಂದೆ ಮುಂದೆ ಎರಡೂ ಕಡೆ ಪೆಟ್ಟು, ಹಾಗಾಗಿಯೇ ದೊಡ್ಡ ಕೋವಿಗೆ ಹಾಕುವ ಒಳ್ಳೆ ಸ್ಕೋಪ್ ಕೂಡ ಈ ಸ್ಪ್ರಿಂಗ್ ಏರ್ ರೈಫಲ್ ಮೇಲೆ ಲಗಾಡಿ ಹೋಗುದುಂಟು. ಆ ಪೆಟ್ಟೆಲ್ಲ ಮರಕ್ಕೋ ಪ್ಲಾಸ್ಟಿಕ್‌ಗೋ ದಾಟಿ ಬರುದು ಆ ಎರಡು ಮೂರು ಸ್ಕ್ರೂ ಮೂಲಕವೇ. ಪ್ಲಾಸ್ಟಿಕ್‌ನ ಗುಣ ಎಂತ ಅಂದ್ರೆ ಒಂದೇ ಕಡೆ ಒತ್ತಿ ಹಿಡಿದ್ರೆ ಅದು ನಿಧಾನಕ್ಕೆ ಜಾಗ ಬಿಟ್ಟುಕೊಡ್ತದೆ, ಲೋಹದ ಹಾಗೆ ಹಟ ಹಿಡಿದು ನಿಲ್ಲುದಿಲ್ಲ. ಸರಿಯಾಗಿ ಮಾಡಿದ ಸ್ಟಾಕ್‌ನಲ್ಲಿ ಸ್ಕ್ರೂ ತಲೆಯ ಕೆಳಗೆ ಉಕ್ಕಿನ ಬಟ್ಟಲು ತರದ ವಾಷರ್ ಇರ್ತದೆ, ಒತ್ತಡ ಹಂಚಿ ಹೋಗ್ತದೆ. ನಂದರಲ್ಲಿ ಅದನ್ನೇ ತಿಂದಿದ್ದಾರೆ. ಐದು ರೂಪಾಯಿಯ ತುಂಡು ಮಾರಾಯ್ರೆ.

ಅಂಗಡಿಗೆ ಹೋದ್ರೆ "ಸ್ಟಾಕ್ ವಾರಂಟಿಯಲ್ಲಿ ಬರುದಿಲ್ಲ ಸರ್, ನೀವು ಟೈಟ್ ಜಾಸ್ತಿ ಮಾಡಿದ್ದೀರಿ". ಲೈಫ್ ಲಾಂಗ್ ಅಂದದ್ದು ಯಾರ ಲೈಫ್ ಅಂತ ಕೇಳ್ಬೇಕು ಅಂತ ಇತ್ತು, ಕೇಳ್ಲಿಲ್ಲ. ಬೈಕಂಪಾಡಿಯಲ್ಲಿ ಪರಿಚಯದ ಲೇತ್‌ನವರು ಇದ್ದಾರೆ, ಅವರ ಹತ್ರ ಎರಡು ಸ್ಟೀಲ್ ಬುಷ್ ತಿರುಗಿಸಿ, ತೂತನ್ನು ಸಮ ಮಾಡಿ, ಎಪಾಕ್ಸಿ ಹಾಕಿ ಕೂರಿಸಿದ್ದು, ಬಿರುಕಿನ ತುದಿಗೆ ಸಣ್ಣ ತೂತು ಹಾಕಿ ಅದು ಮುಂದೆ ಓಡದ ಹಾಗೆ ಮಾಡಿದ್ದು, ಎಲ್ಲ ಸೇರಿ 350 ರೂಪಾಯಿ. ನಾನು ಮರ ಬಿಟ್ಟು ಉಳಿಸಿದ 1,500ರಲ್ಲಿ ಅಷ್ಟು ಹೋಯ್ತು. ಆಮೇಲೆ ಒಂದು ಪೂರ್ತಿ ಮಳೆಗಾಲ ಕಳೀತು, ಸ್ಕ್ರೂ ಅಲ್ಲಾಡ್ಲಿಲ್ಲ, ಗುಂಪು ಪುನಃ ನಾಣ್ಯದೊಳಗೆ.

ಈಗ ಭಾವನದ್ದು. ಎಆರ್-15 ಅಂದ್ರೆ ಎರಡು ಭಾಗ. ಮೇಲಿನದ್ದರಲ್ಲಿ ನಳಿಗೆ, ಬೋಲ್ಟ್, ಬೆಂಕಿ ಬಿಸಿ ಒತ್ತಡ ಎಲ್ಲ ಅಲ್ಲೇ. ಕೆಳಗಿನದ್ದರಲ್ಲಿ ಟ್ರಿಗರ್, ಮ್ಯಾಗಜೀನ್ ಸಿಕ್ಕಿಸುವ ಜಾಗ, ಹಿಂದೆ ಬಫರ್ ಟ್ಯೂಬ್, ಅಂದ್ರೆ ಸ್ಟಾಕ್ ಕೂರುವ ಕೊಳವೆ, ತಿರುಗಿಸಿ ಕೂರಿಸುವ ಬಳೆ. ಅಲ್ಲಿನ ಕಾನೂನಿಗೆ ಕೆಳಗಿನ ಭಾಗವೇ ಬಂದೂಕು, ಸೀರಿಯಲ್ ನಂಬರ್ ಅದಕ್ಕೇ. ಬಾಡಿ ಪ್ಲಾಸ್ಟಿಕ್ ಆದ್ರೂ ನಂಬರ್ ಮಾತ್ರ ಒಳಗೆ ಕೂರಿಸಿದ ಲೋಹದ ಪುಟ್ಟ ತಗಡಿನ ಮೇಲೇ ಇರ್ಬೇಕು, ಅದನ್ನು ಭಾವ ಕ್ಯಾಮೆರಾ ಹತ್ರ ತಂದು ಹೆಬ್ಬೆರಳಲ್ಲಿ ನಂಬರ್ ಮುಚ್ಚಿ ತೋರಿಸಿದ್ರು. ಬೆಂಕಿ ಒತ್ತಡ ಎಲ್ಲ ಮೇಲೆ ಇರೋದ್ರಿಂದ ಕೆಳಗೆ ಪ್ಲಾಸ್ಟಿಕ್ ಸಾಕಲ್ಲ ಅಂತ ಲೆಕ್ಕ. ಲೆಕ್ಕ ಮುಕ್ಕಾಲು ಸರಿ.

ಉಳಿದ ಕಾಲು ಭಾಗ ಆ ಹಿಂದಿನ ಬಳೆ. ಮೂಲ ಡಿಸೈನ್ 1950ರ ದಶಕದ್ದು, ಯೂಜಿನ್ ಸ್ಟೋನರ್ ಅದನ್ನು ಮಾಡಿದ್ದು ಅಲ್ಯೂಮಿನಿಯಂ ಮನಸ್ಸಲ್ಲಿಟ್ಟು, ಬಳೆ ಅಷ್ಟು ತೆಳು ಇದ್ರೂ ನಡೀತದೆ ಯಾಕಂದ್ರೆ ಈಗ ಹಾಕುವ 7075 ಅಲ್ಯೂಮಿನಿಯಂ ವಿಮಾನಕ್ಕೆ ಹಾಕುವ ಜಾತಿಯದ್ದು. ಅದೇ ಆಕಾರವನ್ನು ಹಾಗೇ ಪ್ಲಾಸ್ಟಿಕ್‌ನಲ್ಲಿ ಅಚ್ಚು ಹಾಕಿದ್ರೆ ಆ ಬಳೆ ಬಳೆಯೇ. ಭಾವಂದು ಒಂದು ದಿನ ಪಿಕಪ್ ಗಾಡಿಯ ಹಿಂದಿನ ಬಾಗಿಲಿಂದ ಜಾರಿ ಸ್ಟಾಕ್ ಕೆಳಗಾಗಿ ನೆಲಕ್ಕೆ ಬಿತ್ತು, ಸೊಂಟದಷ್ಟು ಎತ್ತರ ಅಷ್ಟೆ, ಬಳೆಯ ಬುಡದಲ್ಲಿ ಪಟ್ ಅಂತ ಬಿರುಕು. ಅವರ ಗೆಳೆಯನ ಅಲ್ಯೂಮಿನಿಯಂದು ಅದೇ ತರ ಬಿದ್ದದ್ದಕ್ಕೆ ಒಂದು ಗೀರು ಬಿಟ್ರೆ ಎಂತದೂ ಇಲ್ಲ.

ಮತ್ತೆ ದುಡ್ಡು ಎಷ್ಟು ಉಳೀತು ಅಂತ ಕೇಳಿದೆ, ಭಾವ ಸ್ವಲ್ಪ ನಾಚಿಕೊಂಡೇ ಹೇಳಿದ್ರು. ಡಿಸ್ಕೌಂಟ್ ಸಮಯದಲ್ಲಿ ಸಾದಾ ಅಲ್ಯೂಮಿನಿಯಂ ರಿಸೀವರೇ 50 ಡಾಲರ್ ಆಸುಪಾಸಿಗೆ ಸಿಗ್ತದೆ, ಇವರು ಪ್ಲಾಸ್ಟಿಕ್ ತಗೊಂಡು ಉಳಿಸಿದ್ದು ಹತ್ತು ಹದಿನೈದು ಡಾಲರ್. ಇಡೀ ರೈಫಲ್‌ಗೆ ಖರ್ಚಾದದ್ದು ಆರುನೂರರ ಮೇಲೆ. ಹಾಗಾದ್ರೆ ಲಾಭ ಎಂತದ್ದು? ತೂಕ. ಅದೂ ನೂರು ಗ್ರಾಂ ಅಂದಾಜು, ಒಂದು ಬನ್ಸ್‌ನಷ್ಟು.

ಆದ್ರೆ ಪ್ಲಾಸ್ಟಿಕ್ ಅಂದ್ರೇ ಡಬ್ಬಾ ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪುದಿಲ್ಲ. ರೆಮಿಂಗ್ಟನ್ ಕಂಪೆನಿ 1959ರಲ್ಲೇ ನೈಲಾನ್ 66 ಅಂತ .22 ರೈಫಲ್ ತಂದಿತ್ತು, ಸ್ಟಾಕ್ ರಿಸೀವರ್ ಎಲ್ಲ ಡ್ಯುಪಾಂಟ್‌ನ ನೈಲಾನ್, ಹತ್ತು ಲಕ್ಷಕ್ಕಿಂತ ಹೆಚ್ಚು ಮಾಡಿದ್ದಾರೆ. ಗ್ಲಾಕ್ ಪಿಸ್ತೂಲಿನ ಫ್ರೇಮ್ ಪಾಲಿಮರ್, 1980ರ ದಶಕದಿಂದ ಪೊಲೀಸ್ ಮಿಲಿಟರಿ ಎಲ್ಲ ಹಿಡಿದುಕೊಂಡು ತಿರುಗ್ತಾರೆ, ಆದ್ರೆ ಸ್ಲೈಡ್ ಓಡುವ ಹಳಿ ಅದರೊಳಗೆ ಉಕ್ಕಿನದ್ದೇ. ದೂರ ಯಾಕೆ, ಮಲ್ಪೆಗೆ ಹೋಗಿ ನೋಡಿ, ನಾಡದೋಣಿ ಎಲ್ಲ ಈಗ ಫೈಬರ್, ಯಾರೂ ಪ್ಲಾಸ್ಟಿಕ್ ದೋಣಿ ಅಂತ ಹೀಯಾಳಿಸುದಿಲ್ಲ, ಆದ್ರೆ ಇಂಜಿನ್ ಕೂರುವ ಹಿಂಬದಿಗೆ ಒಳಗೆ ಹಲಗೆ ಕೊಟ್ಟು ದಪ್ಪ ಮಾಡಿಯೇ ಮಾಡ್ತಾರೆ. ದೋಣಿ ಕಟ್ಟುವವನಿಗೆ ಗೊತ್ತಿದ್ದದ್ದು ನನ್ನ ಸ್ಟಾಕ್ ಮಾಡಿದವನಿಗೆ ಗೊತ್ತಿರ್ಲಿಲ್ಲ, ಅಥವಾ ಗೊತ್ತಿದ್ದೂ ಐದು ರೂಪಾಯಿ ಉಳಿಸಿದ.

ಭಾವ ಈಗ ಎರಡನೇ ಸಲ ಮತ್ತೆ ಪಾಲಿಮರ್‌ನದ್ದೇ ಹಾಕಿದ್ದಾರೆ, ಕೆಇ ಆರ್ಮ್ಸ್ ಅವರ ಕೆಪಿ-15. ಅದರಲ್ಲಿ ರಿಸೀವರ್, ಹಿಡಿ, ಹಿಂದಿನ ಸ್ಟಾಕ್ ಎಲ್ಲ ಒಂದೇ ಅಚ್ಚು, ಆ ತೆಳು ಬಳೆ ಅನ್ನುದೇ ಇಲ್ಲ, ಹಾಗಾಗಿ ಮುರೀಲಿಕ್ಕೆ ಆ ಜಾಗವೂ ಇಲ್ಲ. ರೇಟು ಸಾದಾ ರಿಸೀವರ್‌ಗಿಂತ ಎರಡು ಪಟ್ಟಿನ ಮೇಲೆ, ಆದ್ರೆ ಸ್ಟಾಕ್ ಹಿಡಿ ಟ್ಯೂಬ್ ಬೇರೆ ತಗೊಳ್ಳುವ ಖರ್ಚು ತಪ್ತದೆ, ಲೆಕ್ಕ ಹಾಕಿದ್ರೆ ಸರಿಸಮ. ತೊಂದರೆ ಅಂದ್ರೆ ಸ್ಟಾಕ್ ಉದ್ದ ಹೆಚ್ಚುಕಮ್ಮಿ ಮಾಡ್ಲಿಕ್ಕೆ ಆಗುದಿಲ್ಲ, ಹಿಡಿ ಬದಲಿಸ್ಲಿಕ್ಕೂ ಆಗುದಿಲ್ಲ, ಬಂದದ್ದೇ ಬಂದದ್ದು. ಭಾವನ ಕೈ ಉದ್ದ, ಅವರಿಗೆ ಸರಿಯಾಗಿದೆ.

ಇದನ್ನು ಓದಿ ಇಲ್ಲಿ ಯಾರಾದ್ರೂ ರಿಸೀವರ್ ಒಂದು ಪಾರ್ಸೆಲ್‌ನಲ್ಲಿ ತರಿಸಿ ನೋಡುವಾ ಅಂತ ಹೊರಟ್ರೆ, ದಯವಿಟ್ಟು ಬೇಡ. 1959ರ ಆರ್ಮ್ಸ್ ಆಕ್ಟ್‌ನಲ್ಲಿ ಬಂದೂಕಿನ ಬಿಡಿಭಾಗವೂ ಆಯುಧವೇ, ಮನೆಯಲ್ಲಿ ಜೋಡಿಸುದು ಅನ್ನುವ ಹವ್ಯಾಸ ನಮ್ಮಲ್ಲಿ ಇಲ್ಲ, ನೇರ ಜೈಲು. ನಮಗೆ ಈ ಪ್ಲಾಸ್ಟಿಕ್ ಪ್ರಶ್ನೆ ಏರ್ ರೈಫಲ್ ಮಟ್ಟಿಗೆ ಮಾತ್ರ.

ಏರ್ ರೈಫಲ್‌ನಲ್ಲೂ ಕಮ್ಮಿ ರೇಟಿನದ್ದು ತಗೊಳ್ಳುವಾಗ ಸ್ಟಾಕ್ ಪ್ಲಾಸ್ಟಿಕ್ ಇದ್ರೆ ಹೆದರ್ಬೇಡಿ, ನಮ್ಮ ಕಡಲ ಕರೆಯ ಹವೆಗೆ ಮರಕ್ಕಿಂತ ಅದೇ ಲಾಯ್ಕ್, ಒರೆಸಿ ಇಟ್ರೆ ಮುಗೀತು. ನೋಡ್ಬೇಕಾದ್ದು ಸ್ಕೋಪ್ ಕೂರುವ ಜಾಗ, ನಳಿಗೆ ಹಿಡಿದುಕೊಳ್ಳುವ ಬ್ಲಾಕ್, ಸ್ಕ್ರೂ ತಲೆ ಕೂರುವ ತೂತು, ಈ ಮೂರು ಕಡೆ ಲೋಹ ಉಂಟಾ ಅಂತ. ಪಂಪ್ ಮಾಡುವ ಅಗ್ಗದ ಜಾತಿಯಲ್ಲಿ ರಿಸೀವರೇ ಪ್ಲಾಸ್ಟಿಕ್ ಇರ್ತದೆ, ಡಬ್ಬ ಹೊಡೀಲಿಕ್ಕೆ ಅದು ಧಾರಾಳ ಸಾಕು, ಆದ್ರೆ ಅದರ ಮೇಲೆ ಭಾರದ ಸ್ಕೋಪ್ ಹಾಕಿದ್ರೆ ಇವತ್ತು ಒಂದು ಕಡೆ ನಾಳೆ ಒಂದು ಕಡೆ. ಅಂಗಡಿಯಲ್ಲಿ ನಾಚಿಕೆ ಬಿಟ್ಟು ಮುಂದಿನ ಸ್ಕ್ರೂ ಒಂದನ್ನು ಬಿಚ್ಚಿ ತೋರಿಸಿ ಅಂತ ಕೇಳಿ, ಬಿಚ್ಚುದಿಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗಿ.

ಇನ್ನೊಂದು, ಸ್ಟಾಕ್‌ಗೆ ತುಕ್ಕು ಹಿಡಿಯುದಿಲ್ಲ ಅಂತ ಇಡೀ ರೈಫಲ್‌ಗೆ ಹಿಡಿಯುದಿಲ್ಲ ಅಂತ ಅಲ್ಲ. ನಳಿಗೆ ಮೇಲೆ ಬೆವರಿನ ಕೈ ಇಟ್ರೆ ಮಳೆಗಾಲದಲ್ಲಿ ಎರಡು ದಿನಕ್ಕೆ ಬೆರಳಚ್ಚು ಕಂದು ಬಣ್ಣದಲ್ಲಿ ಮೂಡ್ತದೆ, ಅದಕ್ಕೆ ಸಿಲಿಕಾ ಜೆಲ್ ಪೊಟ್ಟಣ ಮತ್ತೆ ಹೊರಗೆ ತೆಳ್ಳಗೆ ಎಣ್ಣೆ. ಹೊರಗೆ ಮಾತ್ರ. ನಮ್ಮಪ್ಪ ಒಳ್ಳೆ ಮನಸ್ಸಿಂದ ಒಂದು ದಿನ ನಳಿಗೆ ಬುಡದ ತೂತಿಗೆ ಎರಡು ಚಮಚ ತೆಂಗಿನೆಣ್ಣೆ ಬಿಟ್ಟಿದ್ರು, ಕೋವಿಗೆ ಮಾಡಿ ಅಭ್ಯಾಸ ಅವರಿಗೆ. ಒಳಗೆ ಗಾಳಿ ಒತ್ತಿ ಬಿಸಿಯಾಗಿ ಎಣ್ಣೆಗೆ ಬೆಂಕಿ ಹತ್ತಿ ಢಂ ಅಂತ ಶಬ್ದ, ನಳಿಗೆ ಬಾಯಲ್ಲಿ ಹೊಗೆ, ಹಿತ್ತಿಲು ಪೂರ್ತಿ ಕಾಯಿ ಹೋಳಿಗೆ ಪರಿಮಳ. ಸೀಲ್ ಹೋಯ್ತು, 280 ರೂಪಾಯಿ.

ಅಪ್ಪನಿಗೆ ಈಗಲೂ ಒಂದೇ ಪ್ರಶ್ನೆ, ಇದರಲ್ಲಿ ಮಂಗ ಓಡಿಸ್ಲಿಕ್ಕೆ ಆಗ್ತದಾ ಅಂತ. ಪ್ರಾಣಿಗೆ ಹೊಡೆದ್ರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸು ಅಪ್ಪ, ಶಬ್ದಕ್ಕಂತೂ ಇದು ಹೆದರಿಸುವಷ್ಟು ಇಲ್ಲ ಅಂದೆ. ಆ ತೆಂಗಿನೆಣ್ಣೆ ದಿನ ಇತ್ತಲ್ಲ ಅಂದ್ರು. ಈಗ ಎಣ್ಣೆ ಬಾಟ್ಲಿ ಮತ್ತು ರೈಫಲ್ ಬೇರೆ ಬೇರೆ ಕೋಣೆಯಲ್ಲಿ ಉಂಟು.