ಹಲ್ಲು ಎಣಿಸಿ ಬೆಲ್ಟ್ ಹಾಕುವ ಗ್ಯಾರೇಜ್

ನನ್ನದು 1993ರ ಮಾಜ್ದಾ ಮಿಯಾಟಾ. 1.6 ಲೀಟರ್ ಇಂಜಿನ್, ಎರಡೇ ಸೀಟು, ಸ್ವಿಚ್ ಒತ್ತಿದರೆ ಕಪ್ಪೆ ಕಣ್ಣು ಬಿಟ್ಟ ಹಾಗೆ ಮೇಲೇಳುವ ಹೆಡ್‌ಲೈಟು. ನ್ಯೂಜೆರ್ಸಿಗೆ ಬಂದ ಮೇಲೆ ಹೆಂಡತಿ ಬೇಡ ಬೇಡ ಅಂದರೂ ಕೊಂಡ ಹಳೇ ಗಾಡಿ. ಇದರ ಟೈಮಿಂಗ್ ಬೆಲ್ಟನ್ನು 60,000 ಮೈಲಿಗೊಮ್ಮೆ ಬದಲಾಯಿಸಬೇಕು. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡ, ವಾಲ್ವುಗಳನ್ನು ತೆರೆಯುವ ಕ್ಯಾಮ್ ದಂಡ, ಇವೆರಡೂ ತಾಳ ತಪ್ಪದೆ ತಿರುಗುವಂತೆ ನೋಡಿಕೊಳ್ಳುವ ಹಲ್ಲಿನ ಬೆಲ್ಟ್ ಅದು. ನನ್ನ ಮೀಟರ್ 1,19,000 ತೋರಿಸುತ್ತಿತ್ತು.

ಮೊದಲು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಮನೆ ಹತ್ತಿರ ಅಂತ ಒಂದು ಗ್ಯಾರೇಜಿಗೆ ಬಿಟ್ಟೆ. ಬೆಳಿಗ್ಗೆ ಕೊಟ್ಟರೆ ಸಂಜೆ ವಾಪಸ್ ಅಂದಿದ್ದರು, ಸಂಜೆ ಕೊಟ್ಟರು ಕೂಡ. ಆದರೆ ಸಿಗ್ನಲ್‌ನಲ್ಲಿ ನಿಂತರೆ ಗಾಡಿ ಗಡಗಡ ನಡುಗುತ್ತಿತ್ತು, ಹೈವೇ ಹತ್ತುವಾಗ ಎಳೆಯುತ್ತಲೇ ಇರಲಿಲ್ಲ. ಕೇಳಿದರೆ, ಮೂವತ್ತು ವರ್ಷದ ಗಾಡಿ ಇನ್ನು ಹೇಗಿರುತ್ತೆ ಅಂದರು. ನಿನ್ನೆವರೆಗೂ ಚೆನ್ನಾಗೇ ಇತ್ತಲ್ಲ ಮಾರಾಯಾ!

ಆಮೇಲೆ ಹೋಗಿದ್ದು ಊರಾಚೆಯ ಈ ಚಿಕ್ಕ ಗ್ಯಾರೇಜಿಗೆ. ಒಬ್ಬರೇ ಮೆಕ್ಯಾನಿಕ್, ವಯಸ್ಸಾದವರು, ಮಾತು ಕಡಿಮೆ. ಕವರ್ ಬಿಚ್ಚಿ ನನ್ನನ್ನು ಪಕ್ಕಕ್ಕೆ ಕರೆದು ಟಾರ್ಚ್ ಹಿಡಿದರು. ಕ್ಯಾಮ್ ಗೇರುಗಳ ಮೇಲೆ ಗಾಳಿ ಒಳಬರುವ ಇನ್‌ಟೇಕ್ ಕಡೆ ‘ಐ’, ಹೊಗೆ ಹೊರಹೋಗುವ ಎಕ್ಸಾಸ್ಟ್ ಕಡೆ ‘ಇ’ ಅಂತ ಗುರುತಿದೆ. ಆ ಎರಡರ ನಡುವೆ ಬೆಲ್ಟಿನ 19 ಹಲ್ಲು ಇರಬೇಕು. ಬೆರಳಿಟ್ಟು ಒಂದೊಂದೇ ಎಣಿಸಿದರು, 20 ಬಂತು. ಏನೂ ಹೇಳದೆ ಟಾರ್ಚ್ ನನ್ನ ಕೈಗೆ ಕೊಟ್ಟರು. ನಾನು ಎಣಿಸಿದರೂ 20. ಒಂದೇ ಒಂದು ಹಲ್ಲು ಆಚೀಚೆ, ಅಷ್ಟಕ್ಕೇ ಇಷ್ಟೆಲ್ಲ ನಡುಕ. ಪುಣ್ಯಕ್ಕೆ ಈ ಇಂಜಿನ್ನಿನಲ್ಲಿ ಬೆಲ್ಟ್ ಕಿತ್ತುಹೋದರೂ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುವುದಿಲ್ಲ. ಪೋರ್ಷೆ 944 ಆಗಿದ್ದರೆ ಬೆಲ್ಟ್ ಕಿತ್ತ ದಿನ ವಾಲ್ವುಗಳೆಲ್ಲ ಬಾಗಿ, ಗಾಡಿ ಬೆಲೆಯಷ್ಟೇ ಬಿಲ್ ಬರುತ್ತಿತ್ತೇನೋ.

ಹಿಂದಿನವರು ಬೆಲ್ಟ್ ಒಂದನ್ನೇ ಹಾಕಿದ್ದರು. ಇವರು ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್, ದಾರಿ ತಪ್ಪದಂತೆ ನಡೆಸುವ ಐಡ್ಲರ್ ಗಾಲಿ, ಆಯಿಲ್ ಸೋರದಂತೆ ತಡೆಯುವ ಕ್ಯಾಮ್ ಮತ್ತು ಕ್ರ್ಯಾಂಕ್ ಸೀಲು, ವಾಟರ್ ಪಂಪ್ ಎಲ್ಲ ಹೊಸದು ಹಾಕಿದರು. ಪಂಪ್ ತಿರುಗುವುದು ಹೊರಗಿನ ಬೆಲ್ಟಿನಿಂದಲೇ, ಆದರೆ ಅದನ್ನು ಬಿಚ್ಚಲು ಟೈಮಿಂಗ್ ಬೆಲ್ಟ್ ಕಳಚಲೇಬೇಕು. ಅಡಿಕೆ ಮರ ಹತ್ತಿದ ಮೇಲೆ ಒಂದೇ ಗೊನೆ ಇಳಿಸಿ ಬರುತ್ತೇವಾ? ಅದೇ ಲೆಕ್ಕ. ಕೊನೆಗೆ ಕ್ರ್ಯಾಂಕ್ ಬೋಲ್ಟಿಗೆ 21 ಎಂಎಂ ಸಾಕೆಟ್ ಹಾಕಿ, ಕೈಯಲ್ಲೇ ಎರಡು ಸುತ್ತು ತಿರುಗಿಸಿದರು. ಕ್ರ್ಯಾಂಕ್ ಎರಡು ಸುತ್ತಿದರೆ ಕ್ಯಾಮ್ ಒಂದು ಸುತ್ತು, ಗುರುತುಗಳು ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲಬೇಕು. ನಿಂತವು. ಆದರೂ ಇನ್ನೊಮ್ಮೆ 19 ಎಣಿಸಿದ ಮೇಲೇ ಕೀಲಿ ತಿರುಗಿಸಿದ್ದು.

ಈ ಕಥೆಯನ್ನು ಹಾಸನಕ್ಕೆ ಫೋನ್ ಮಾಡಿ ಹೇಳಿದರೆ ಅಪ್ಪ, "ನಮ್ಮ ಮಾರುತಿ 800ಗೂ ಅದೇ ಬೆಲ್ಟ್ ಕಣೋ, ಅದಕ್ಕೆ ಇಷ್ಟು ದುಡ್ಡಾ?" ಅಂದರು. ಪಾರ್ಟ್ಸ್, ಕೂಲಿ ಎಲ್ಲ ಸೇರಿ 850 ಡಾಲರ್ ಆಯಿತು. ಕಡಿಮೆ ಏನಲ್ಲ. ಕೊರತೆಯೂ ಇದೆ. ಎರಡು ದಿನ ಅಂದವರು ನಾಲ್ಕು ದಿನ ಮಾಡಿದರು, ಫೋನ್ ಎತ್ತುವುದಿಲ್ಲ, ಕೂರಲು ಇರುವುದು ಒಂದು ಹಳೇ ಕಾರಿನ ಸೀಟು. ಬೇಗ ಬೇಕು ಅನ್ನುವವರು ಸುಮ್ನೆ ಅತ್ತ ಹೋಗಬೇಡಿ.

ಗಾಡಿ ಈಗ ಸಿಗ್ನಲ್‌ನಲ್ಲಿ ಅಲ್ಲಾಡದೆ ನಿಲ್ಲುತ್ತದೆ. ಇಂಜಿನ್ ಹಿಂದುಗಡೆಯಿಂದ ಮಾತ್ರ ದಿನಕ್ಕೊಂದು ಹನಿ ಆಯಿಲ್ ಬೀಳುತ್ತಿದೆ. ಅಲ್ಲೊಂದು ಓ-ರಿಂಗ್, ಅಂದರೆ ಸೋರದಂತೆ ತಡೆಯುವ ರಬ್ಬರ್ ಬಳೆ, ಹೋಗಿದೆ, ಈಗಲೇ ಹಾಕಲಾ ಅಂತ ಅವರು ಕೇಳಿದ್ದರು, ಮುಂದಿನ ಸಲ ನೋಡೋಣ ಅಂದಿದ್ದು ನಾನೇ.